ಗೋಕರ್ಣ ರಥಬೀದಿಯ ಹಳೆ ಮನೆಗಳು: ಮೊದಲು ಮಾಡು, ಆಮೇಲೆ ಮನವಿ

ರಥಬೀದಿಯ ಹಳೆ ಮನೆಗಳು ಒಂದೊಂದಾಗಿ ಲಾಡ್ಜ್ ಆಗುತ್ತಿವೆ, ಊರವರು ಸೇರಿ ಏನಾದರೂ ಮಾಡಬಹುದಾ, ಕಾನೂನಿನ ಬಲ ಇದೆಯಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ಸಹಿ ಸಂಗ್ರಹದಿಂದ ಶುರು ಮಾಡಬೇಡಿ. ನಮ್ಮ ಮನೆಯೂ ಅಲ್ಲೇ ಪಕ್ಕದ ಕೇರಿಯಲ್ಲಿದೆ, ಹಾಗಾಗಿ ನೇರವಾಗಿ ಹೇಳುತ್ತೇನೆ: ಮನೆ ಕೆಡವುವುದು ಮಳೆ ಮತ್ತು ಪಾಲು. ಬಿಲ್ಡರ್ ಬರುವುದು ಕೊನೆಗೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಹೆಂಚಿನ ಮಾಡಾದರೆ, ಅಂದರೆ ಛಾವಣಿಯಾದರೆ, ಪ್ರತಿ ಬೇಸಿಗೆಯಲ್ಲೂ ಆಳು ಹತ್ತಲೇಬೇಕು, ಒಡೆದ ಹೆಂಚು ಬದಲಿಸಬೇಕು. ಒಂದೆರಡು ಮಳೆಗಾಲ ಬಿಟ್ಟರೆ ನೀರು ಹೆಂಚು ಕೂರುವ ಮರದ ಪಟ್ಟಿಗೆ (ರೀಪು) ಇಳಿಯುತ್ತದೆ, ಅಲ್ಲಿಂದ ಅದನ್ನು ಹೊತ್ತ ಮರದ ತೊಲೆಗೆ (ಪಕಾಸು), ಆಮೇಲೆ ಗೆದ್ದಲು. ಗೋಡೆ ಚಿರೆಕಲ್ಲಿನದು (ಜಂಬಿಟ್ಟಿಗೆ), ಗಾರೆ ಸುಣ್ಣದ್ದು. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಗಾರೆ ಪದರ ಪದರವಾಗಿ ಉದುರುತ್ತದೆ. ಮನೆಯಲ್ಲಿರುವುದು ವಯಸ್ಸಾದ ಅಮ್ಮ ಒಬ್ಬರೇ, ಪಾಲುದಾರರು ಬೆಂಗಳೂರು, ಪುಣೆ, ಅಮೆರಿಕ. ಮಾಡು ರಿಪೇರಿಗೆ ದುಡ್ಡು ಕೇಳಿದರೆ "ಮೊದಲು ಪಾಲಾಗಲಿ" ಅನ್ನುತ್ತಾರೆ. ಪಾಲಾದ ಮೇಲೆ ಮನೆ ಮಾರಾಟಕ್ಕೆ.

ಅದಕ್ಕೇ ನಮ್ಮ ಕೇರಿಯಲ್ಲಿ ಸ್ವಲ್ಪವಾದರೂ ಫಲ ಕೊಟ್ಟದ್ದು ತೀರಾ ಸಾದಾ ಕೆಲಸ. ಬೇಸಿಗೆಯಲ್ಲಿ ಎಲ್ಲರೂ ಸೇರಿ ಒಂದೇ ಸಲ ಮಾಡಿನ ಕೆಲಸದವರನ್ನು ಕರೆಸುತ್ತೇವೆ. ಒಂದು ಮನೆಗೆ ಕರೆದರೆ ಫೋನ್ ಕೂಡ ಎತ್ತುವುದಿಲ್ಲ, ಸಾಲಾಗಿ ಆರೇಳು ಮನೆ ಇದೆ ಅಂದರೆ ತಾವೇ ಬರುತ್ತಾರೆ. ಎಲ್ಲಾದರೂ ಮನೆ ಬಿದ್ದರೆ ಅದರ ಹೆಂಚು ಎತ್ತಿ ಒಬ್ಬರ ಹಿತ್ತಲಲ್ಲಿ ಜೋಡಿಸಿಡುತ್ತೇವೆ, ಯಾಕೆಂದರೆ ಹಳೆ ಹೆಂಚಿನ ಮಧ್ಯೆ ಹೊಸದನ್ನು ಸಿಕ್ಕಿಸಿದರೆ ಅಂಚಿನ ಕಚ್ಚು ಸರಿಯಾಗಿ ಕೂರುವುದಿಲ್ಲ, ಅದೇ ಸಂದಿಯಲ್ಲಿ ಸೋರುತ್ತದೆ.

ದುಡ್ಡು? ಬಾಡಿಗೆಯಿಂದ. ಹೋಮ್‌ಸ್ಟೇ ಅಂದರೆ ಮೂಗು ಮುರಿಯುವವರು ನಮ್ಮಲ್ಲೇ ಇದ್ದಾರೆ. ಯಾತ್ರಿಕರು ಭಟ್ಟರ ಮನೆಯಲ್ಲಿ ಉಳಿದು, ಕೋಟಿತೀರ್ಥದಲ್ಲಿ ಮಿಂದು, ಪೂಜೆ ಮುಗಿಸಿ ಹೋಗುವುದು ಈ ಊರಿನ ಹಳೆ ವಾಡಿಕೆಯೇ ಅಲ್ವಾ? ಎರಡು ಕೋಣೆ ಬಾಡಿಗೆಗೆ ಕೊಟ್ಟು, ಆ ಹಣ ಮಾಡಿನ ಖರ್ಚಿಗೆ ಮಾತ್ರ ಅಂತ ಪಾಲುದಾರರೆಲ್ಲ ಸಹಿ ಹಾಕಿದರೆ ಅರ್ಧ ಜಗಳ ಮುಗಿಯಿತು.

ಇನ್ನು ಕಾನೂನು. ಬನವಾಸಿಯ ಮಧುಕೇಶ್ವರ ದೇವಸ್ಥಾನದಂಥ ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ ಇನ್ನೂ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಜನ ವಾಸ ಇರುವ ಬೀದಿಗೆ ಈ ನಿಯಮ ತಾನಾಗಿ ಬರುವುದಿಲ್ಲ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಇರುವುದು ಕಡಲ ದಂಡೆಯನ್ನು ಕಾಯಲಿಕ್ಕೆ, ನಿಮ್ಮ ಜಗಲಿಯ ಕಂಬ ಕಾಯಲಿಕ್ಕಲ್ಲ. ಕೈಗೆ ಸಿಗುವ ದಾರಿ ಅಂದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರಲ್ಲಿ ಪಾರಂಪರಿಕ ಕಟ್ಟಡ ಮತ್ತು ಪ್ರದೇಶ ಗುರುತಿಸಲು ಅವಕಾಶವಿದೆ.

ಆದರೆ ಏನು ಕೇಳಬೇಕು ಅನ್ನುವುದರಲ್ಲೇ ಎಲ್ಲರೂ ಎಡವುತ್ತಾರೆ. "ಇಡೀ ಮನೆ ಮುಟ್ಟಬಾರದು" ಅಂದರೆ ಮಾಲೀಕರೇ ನಿಮ್ಮ ವಿರುದ್ಧ ನಿಲ್ಲುತ್ತಾರೆ, ನಾನಾದರೂ ನಿಲ್ಲುತ್ತೇನೆ. ಬೀದಿ ಕಡೆಯ ಜಗಲಿ, ಕಂಬ, ಹೆಂಚಿನ ಇಳಿಮಾಡು ಉಳಿಯಲಿ, ಎತ್ತರಕ್ಕೆ ಮಿತಿ ಇರಲಿ, ಹಿಂದಿನ ಹಿತ್ತಲಲ್ಲಿ ಬೇಕಾದ್ದು ಕಟ್ಟಿಕೊಳ್ಳಲಿ. ಶಿವರಾತ್ರಿಯ ಮಹಾರಥೋತ್ಸವಕ್ಕೆ ಬೀದಿ ಹೇಗೂ ತೆರವಾಗಿರಬೇಕು, ತೇರು ಬರುವ ದಾರಿಗೆ ಬಾಲ್ಕನಿ ಚಾಚಬಾರದು ಅಂದರೆ ಊರಲ್ಲಿ ಯಾರೂ ವಾದ ಮಾಡುವುದಿಲ್ಲ.

ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ್ದಾರೆ. ದೊಡ್ಡ ಕೆಲಸ, ನೋಡಲೇಬೇಕು. ಆದರೆ ಮನೆ ಅಲ್ಲಿಗೆ ಹೋದರೆ ಬೀದಿ ಇಲ್ಲಿ ಬೋಳು. ಕಾರವಾರ ದಾಟಿ ಪಣಜಿಯ ಹಳೆ ಕೇರಿ ಫೊಂಟೈನ್ಹಾಸ್‌ನಲ್ಲಿ ಒಂದು ಸುತ್ತು ಹಾಕಿ ಬನ್ನಿ, ಅಲ್ಲಿ ಮನೆಗಳ ಜೊತೆ ಜನವೂ ಇದ್ದಾರೆ.

ಆ ಯೋಜನಾ ಕಾಯ್ದೆಯಡಿ ಊರಿಗೆ ಮಾಡುವ ಮಾಸ್ಟರ್ ಪ್ಲಾನ್ ಕರಡು ಹೊರಬಿದ್ದಾಗ ಆಕ್ಷೇಪಣೆ ಸಲ್ಲಿಸುವುದಕ್ಕೆ ಈಗಲೇ ಪ್ರತಿ ಮನೆಯ ಫೋಟೊ, ಜಗಲಿಯ ಅಳತೆ, ಮಾಲೀಕರ ಒಪ್ಪಿಗೆ ಒಂದು ಫೈಲಿನಲ್ಲಿ ಸೇರಿಸಿಡಿ. ಅಳತೆ ಕೆಲಸಕ್ಕೆ ಹತ್ತಿರದ ಕಾಲೇಜಿನ ಸಿವಿಲ್ ಹುಡುಗರನ್ನು ಕೇಳಿ ನೋಡಿ, ಮಧ್ಯಾಹ್ನದ ಊಟ ಹಾಕಿಸಿದರೆ ಖುಷಿಯಿಂದ ಬರುತ್ತಾರೆ.