ಅಂಗಳಕ್ಕೂ ಕುರ್ಚಿಗೂ ನಡುವಿನ ಹದಿಮೂರು ವರ್ಷ

ಓದುಗರ ಪತ್ರ: "ಜಪಾನ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ತ್ಸುನೆಯಾಸು ಮಿಯಾಮೊಟೊ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ವಿಶ್ವಕಪ್ ಆಡಿದವರೊಬ್ಬರು ಆ ಕುರ್ಚಿಗೆ ಬಂದಿದ್ದು ಇದೇ ಮೊದಲು ಅಂತ ಹೊಗಳಿದ್ದೀರಿ. ಚೆನ್ನಾಗಿ ಆಡಿದವರು ಚೆನ್ನಾಗಿ ಆಡಳಿತ ಮಾಡುತ್ತಾರೆ ಅನ್ನೋದಕ್ಕೆ ಗ್ಯಾರಂಟಿ ಏನು? ಇದು ನಿವೃತ್ತರಿಗೆ ಹಾಕುವ ಶಾಲು-ಹಾರ ಅಲ್ವಾ?"
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ಗ್ಯಾರಂಟಿ ಏನೂ ಇಲ್ಲ. ಅಷ್ಟನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಶಾಲು-ಹಾರ ಅಂದಿರಲ್ಲ, ಅದಕ್ಕೆ ನನ್ನ ತಕರಾರಿದೆ. ಮಿಯಾಮೊಟೊ ಆಟ ನಿಲ್ಲಿಸಿದ್ದು 2011ರಲ್ಲಿ. ಅಧ್ಯಕ್ಷರಾಗಿದ್ದು 2024ರ ಮಾರ್ಚ್‌ನಲ್ಲಿ, 47ನೇ ವಯಸ್ಸಿಗೆ. ಈ ನಡುವಿನ ವರ್ಷಗಳನ್ನು ನೋಡದೆ ತೀರ್ಪು ಕೊಡಬಾರದು.

ಮೊದಲು ಆಟದ ಮಾತು. ಹುಟ್ಟಿದ್ದು 1977ರಲ್ಲಿ, ಒಸಾಕಾ ಪ್ರಾಂತ್ಯದಲ್ಲಿ. ಗಾಂಬಾ ಒಸಾಕಾ ಕ್ಲಬ್‌ಗೆ ಆಡುತ್ತಲೇ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ ಮುಗಿಸಿದರು. ಆಡಿದ್ದು ಸೆಂಟರ್ ಬ್ಯಾಕ್ ಸ್ಥಾನದಲ್ಲಿ, ಅಂದರೆ ತಮ್ಮ ಗೋಲಿನ ಮುಂದೆ ನಡುವಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಜಾಗದಲ್ಲಿ. ಎತ್ತರ ಮಾತ್ರ 176 ಸೆಂಟಿಮೀಟರ್. ಆ ಜಾಗಕ್ಕೆ ಇದು ಕಡಿಮೆಯೇ. ಹೆಡ್ ಮಾಡಿ ಗೆಲ್ಲುವುದು ಕಷ್ಟವಾದ್ದರಿಂದ ಚೆಂಡು ಎಲ್ಲಿಗೆ ಬರುತ್ತದೆ ಅಂತ ಮುಂಚೆಯೇ ಲೆಕ್ಕ ಹಾಕಿ ಅಲ್ಲಿ ನಿಂತಿರಬೇಕಿತ್ತು. ಜೊತೆಗಾರರನ್ನು ಕೂಗಿ ಕೂಗಿ ಸಾಲಿನಲ್ಲಿ ನಿಲ್ಲಿಸಬೇಕಿತ್ತು. 2002ರ ವಿಶ್ವಕಪ್‌ನಲ್ಲಿ ಮುರಿದ ಮೂಗಿಗೆ ಕಪ್ಪು ಮುಖವಾಡ ಹಾಕಿಕೊಂಡು ಆಡಿದರು. 'ಬ್ಯಾಟ್‌ಮ್ಯಾನ್' ಅಂತ ಹೆಸರೂ ಬಿತ್ತು.

ನನಗೆ ಅವರು ಇಷ್ಟವಾಗಿದ್ದು 2004ರ ಏಷ್ಯಾ ಕಪ್‌ನಲ್ಲಿ. ಚೀನಾದ ಚಾಂಗ್‌ಕಿಂಗ್‌ನಲ್ಲಿ ಜೋರ್ಡನ್ ವಿರುದ್ಧ ಕ್ವಾರ್ಟರ್ ಫೈನಲ್. 1-1 ಸಮ ಆಗಿ ಪೆನಾಲ್ಟಿ ಶೂಟೌಟ್‌ಗೆ ಬಂತು, ಅಂದರೆ ಎರಡೂ ತಂಡದವರು ಒಂದೇ ಗೋಲಿಗೆ ಸರದಿಯಂತೆ ಒದೆಯಬೇಕು. ಜಪಾನ್ ಪರ ಮೊದಲು ಒದ್ದ ನಕಮುರಾ, ಆಮೇಲೆ ಒದ್ದ ಸಾಂತೋಸ್ ಇಬ್ಬರ ಕಾಲೂ ಜಾರಿತು. ಚೆಂಡು ಗೋಲಿನ ಮೇಲಿಂದ ಹಾರಿಹೋಯಿತು. ಆಗ ನಾಯಕ ಮಿಯಾಮೊಟೊ ನೇರ ರೆಫ್ರಿ ಹತ್ತಿರ ಹೋದರು. ಕಿರುಚಾಡಲಿಲ್ಲ. ಈ ಬದಿಯ ಹುಲ್ಲು ಕಿತ್ತುಬರುತ್ತಿದೆ, ಇನ್ನೊಂದು ಗೋಲಿನ ಕಡೆ ಒದೆಯೋಣ ಅಂತ ಇಂಗ್ಲಿಷಿನಲ್ಲಿ ವಾದ ಮಂಡಿಸಿದರು. ಶೂಟೌಟ್ ನಡುವೆಯೇ ರೆಫ್ರಿ ಒಪ್ಪಿಬಿಟ್ಟರು! ಆಮೇಲೆ ಗೋಲ್‌ಕೀಪರ್ ಕವಾಗುಚಿ ಬೇಕಾದ ಹೊತ್ತಲ್ಲಿ ಚೆಂಡು ತಡೆದರು. ಜಪಾನ್ 4-3ರಲ್ಲಿ ಗೆದ್ದಿತು. ಮುಂದೆ ಬೀಜಿಂಗ್‌ನಲ್ಲಿ ಚೀನಾವನ್ನೇ 3-1ರಿಂದ ಸೋಲಿಸಿ ಕಪ್ ಎತ್ತಿತು. ಜೋರ್ಡನ್‌ನವರಿಗೆ ಇದು ಅನ್ಯಾಯ ಅನ್ನಿಸಿದ್ದರೆ ತಪ್ಪೇನಿಲ್ಲ, ಬಿಡಿ. ಆದರೆ ಎಲ್ಲರ ತಲೆ ಬಿಸಿಯಾಗಿದ್ದ ಹೊತ್ತಲ್ಲಿ, ಅಧಿಕಾರ ಇದ್ದವರಿಗೆ ಒಪ್ಪುವಂತೆ ಮಾತಾಡುವುದು ಸಣ್ಣ ಕೆಲಸವಲ್ಲ.

ಇನ್ನು ನಿಮ್ಮ ಶಾಲಿನ ವಿಷಯ. ಆಟ ಬಿಟ್ಟ ಮೇಲೆ ಅವರಿಗೆ ಟಿವಿಯಲ್ಲಿ ಕೂತು ಮಾತಾಡುತ್ತಾ ಆರಾಮಾಗಿ ಇದ್ದುಬಿಡಬಹುದಿತ್ತು. ಅವರು ಹೋಗಿದ್ದು ಯುರೋಪಿಗೆ, ಕ್ರೀಡಾ ಆಡಳಿತ ಕಲಿಸುವ 'ಫಿಫಾ ಮಾಸ್ಟರ್' ಕೋರ್ಸ್ ಓದಲು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕ್ರೀಡೆಯ ಇತಿಹಾಸ, ಇಟಲಿಯ ಮಿಲಾನ್‌ನಲ್ಲಿ ಮ್ಯಾನೇಜ್‌ಮೆಂಟ್, ಸ್ವಿಟ್ಜರ್‌ಲೆಂಡಿನ ನ್ಯೂಶಾಟೆಲ್‌ನಲ್ಲಿ ಕಾನೂನು. ಎರಡು ವಿಶ್ವಕಪ್ ಆಡಿದವರು 35ನೇ ವಯಸ್ಸಿನಲ್ಲಿ ಬೇರೆಯವರ ಭಾಷೆಯಲ್ಲಿ ನೋಟ್ಸ್ ಬರೆದುಕೊಂಡು ಕೂತಿದ್ದರು. ಕೋರ್ಸಿನ ಕೊನೆಗೆ ಅವರ ಗುಂಪು ಎತ್ತಿಕೊಂಡಿದ್ದು ಬೋಸ್ನಿಯಾವನ್ನು. ಯುದ್ಧದಲ್ಲಿ ಒಡೆದುಹೋದ ಊರಿನ ಮಕ್ಕಳನ್ನು ಆಟ ಒಂದುಗೂಡಿಸಬಲ್ಲದೇ ಅನ್ನೋ ಪ್ರಶ್ನೆ. ಅದು ಬರೀ ಕಾಗದದಲ್ಲಿ ಉಳಿಯಲಿಲ್ಲ. ಮೋಸ್ತಾರ್ ಪಟ್ಟಣದಲ್ಲಿ 'ಮಾಲಿ ಮೋಸ್ಟ್' ಅನ್ನೋ ಕ್ರೀಡಾ ಅಕಾಡೆಮಿ 2016ರಲ್ಲಿ ಶುರುವಾಯಿತು. ಬೇರೆ ಬೇರೆ ಜನಾಂಗದ ಮಕ್ಕಳು ಅಲ್ಲಿ ಒಟ್ಟಿಗೆ ಆಡುತ್ತಾರೆ.

ವಾಪಸ್ ಬಂದು ಹಳೆ ಕ್ಲಬ್‌ನಲ್ಲಿ ಎಳೆಯರಿಗೆ ಕೋಚ್ ಆದರು. 2018ರ ಮಧ್ಯದಲ್ಲಿ ಮುಖ್ಯ ತಂಡದ ಹೊಣೆ ಸಿಕ್ಕಿತು. 2020ರಲ್ಲಿ ಲೀಗ್‌ನ ಎರಡನೇ ಸ್ಥಾನ. ಮರುವರ್ಷ ತಂಡ ಸೋಲತೊಡಗಿತು, ಮೇ ತಿಂಗಳಲ್ಲೇ ಕ್ಲಬ್ ಅವರನ್ನು ತೆಗೆದುಹಾಕಿತು. ಆಡಳಿತಗಾರನಿಗೆ ಈ ಪಾಠ ಬೇಕೇ ಬೇಕು ಅಂತ ನನ್ನ ಅನಿಸಿಕೆ. ನಾಳೆ ಇನ್ನೊಬ್ಬ ಕೋಚ್‌ನನ್ನು ತೆಗೆಯುವ ಕಾಗದಕ್ಕೆ ಸಹಿ ಹಾಕಬೇಕಾದಾಗ, ಆ ಕಡೆ ಕೂತವನಿಗೆ ಏನಾಗುತ್ತದೆ ಅಂತ ಇವರಿಗೆ ಗೊತ್ತು. 2022ರಲ್ಲಿ ಜಪಾನ್ ಫುಟ್‌ಬಾಲ್ ಸಂಸ್ಥೆಯ ನಿರ್ದೇಶಕರಾದರು. 2023ರಲ್ಲಿ ಕಚೇರಿಯ ದಿನನಿತ್ಯದ ಕೆಲಸ ಪೂರ್ತಿ ಹೆಗಲಿಗೇರಿತು. ಅದರ ಮರುವರ್ಷ ಅಧ್ಯಕ್ಷತೆ.

ನಿಮ್ಮ ಅನುಮಾನಕ್ಕೂ ಒಂದು ಆಧಾರವಿದೆ. ಆ ಚುನಾವಣೆಯಲ್ಲಿ ಸ್ಪರ್ಧೆಯೇ ಇರಲಿಲ್ಲ. ನಿಲ್ಲಬಯಸಿದ್ದ ಇನ್ನೊಬ್ಬರಿಗೆ ಬೇಕಾದಷ್ಟು ಶಿಫಾರಸು ಸಿಗದೆ ಮಿಯಾಮೊಟೊ ಒಬ್ಬರೇ ಉಳಿದರು. ಅದು ನನಗೂ ಹಿಡಿಸಲಿಲ್ಲ. ಸಂಸ್ಥೆ ಹುಟ್ಟಿದ್ದು 1921ರಲ್ಲಿ. ಇಷ್ಟು ಹಳೆಯ ಮನೆಯಲ್ಲಿ ಎರಡು ಹೆಸರು ಎದುರುಬದುರು ನಿಲ್ಲುವಂತಿರಬೇಕಿತ್ತು.

ನಮ್ಮಲ್ಲಿ ಸ್ಪರ್ಧೆ ನಡೆದಿತ್ತು ನೋಡಿ. 2022ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಅಧ್ಯಕ್ಷ ಹುದ್ದೆಗೆ ನಿಂತ ಇಬ್ಬರೂ ಮಾಜಿ ಆಟಗಾರರೇ. ಗೋಲ್‌ಕೀಪರ್ ಆಗಿದ್ದ ಕಲ್ಯಾಣ್ ಚೌಬೆ ಆ ಹೊತ್ತಿಗಾಗಲೇ ರಾಜಕೀಯಕ್ಕೆ ಬಂದಿದ್ದರು, 2019ರ ಲೋಕಸಭೆ ಚುನಾವಣೆಗೂ ನಿಂತಿದ್ದರು. ಎದುರಿಗಿದ್ದವರು ದೇಶದ ತಂಡವನ್ನು ವರ್ಷಗಟ್ಟಲೆ ಮುನ್ನಡೆಸಿದ ಭೈಚುಂಗ್ ಭುಟಿಯಾ. ಮತ ಹಾಕಿದ್ದು ರಾಜ್ಯ ಸಂಸ್ಥೆಗಳು. ಫಲಿತಾಂಶ 33-1, ಗೆದ್ದಿದ್ದು ಚೌಬೆ.