ದಾಖಲೆಗೆ ಮೂರು ಔನ್ಸ್ ಕಡಿಮೆ ಬಿದ್ದ ಕ್ರಾಪಿ

ದಾಖಲೆಯ ಸಮೀಪಕ್ಕೆ ಬರುವಷ್ಟು ದೊಡ್ಡ ಕ್ರಾಪಿಯನ್ನು ಯಾರಾದರೂ ಹಿಡಿದಿದ್ದೀರಾ, ಹಿಡಿದಾಗ ಏನು ಮಾಡಿದಿರಿ ಎಂದು ಕೇಳಿದ್ದೀರಿ. ನಾನು ಹಿಡಿದಿದ್ದೇನೆ, ಆದರೆ ಮಾಡಬೇಕಾದುದನ್ನು ಸರಿಯಾದ ಹೊತ್ತಿಗೆ ಮಾಡಲಿಲ್ಲ.

ಕೆಲಸದ ನಿಮಿತ್ತ ಅಮೆರಿಕದ ಟೆನೆಸ್ಸಿ ರಾಜ್ಯಕ್ಕೆ ಬಂದ ಮೇಲೆ ನನಗೆ ಗಾಳ ಹಾಕುವ ಹುಚ್ಚು ಅಂಟಿಕೊಂಡಿತು. ಕ್ರಾಪಿಯನ್ನು ಕಾಣದವರಿಗೆ ಹೇಳುವುದಾದರೆ, ಅದು ನಮ್ಮ ಕೆರೆಗಳ ಜಿಲೇಬಿ ಮೀನಿನಂತೆ ಅಗಲವಾಗಿ ಚಪ್ಪಟೆಯಾಗಿರುವ ಸಿಹಿನೀರಿನ ಮೀನು. ಸಾಮಾನ್ಯವಾಗಿ ಅರ್ಧದಿಂದ ಒಂದು ಪೌಂಡ್ ತೂಗುತ್ತದೆ. ಎರಡು ಪೌಂಡಿನದು ಸಿಕ್ಕರೆ ಹಿಡಿದವರು ಅದರ ಫೋಟೊವನ್ನು ಊರಿಗೆಲ್ಲ ತೋರಿಸುತ್ತಾರೆ. ಸಣ್ಣ ಹೊಂಡಗಳಲ್ಲಿ ಇವುಗಳ ಸಂತತಿ ಮಿತಿಮೀರಿ ಬೆಳೆದು, ಆಹಾರ ಸಾಲದೆ ಎಲ್ಲವೂ ಗಿಡ್ಡಾಗಿಯೇ ಉಳಿಯುವುದು ಹೆಚ್ಚು. ಹಾಗಾಗಿ 2016ರ ಏಪ್ರಿಲ್‌ನಲ್ಲಿ ಸಹೋದ್ಯೋಗಿಯೊಬ್ಬರ ಹೊಲದ ಹೊಂಡಕ್ಕೆ ಹೋದಾಗ ನನಗೆ ವಿಶೇಷ ನಿರೀಕ್ಷೆಯೇನೂ ಇರಲಿಲ್ಲ.

ವಸಂತದಲ್ಲಿ ನೀರು ಬೆಚ್ಚಗಾಗುತ್ತಿದ್ದಂತೆ ಮೊಟ್ಟೆ ತುಂಬಿದ ಹೆಣ್ಣು ಮೀನುಗಳು ದಡದ ಆಳವಿಲ್ಲದ ನೀರಿಗೆ ಬರುತ್ತವೆ. ಅಲ್ಲಿ ಬೆಂಡು ಕಟ್ಟಿ, ಜೀವಂತ ಮರಿಮೀನನ್ನು ಎರೆಯಾಗಿ ಚುಚ್ಚಿ ಬಿಟ್ಟಿದ್ದೆ. ಬೆಂಡು ಮುಳುಗಲಿಲ್ಲ, ಮೇಲೆದ್ದು ಅಡ್ಡಡ್ಡ ಮಲಗಿತು. ಕ್ರಾಪಿ ಕೆಳಗಿನಿಂದ ಮೇಲಕ್ಕೆ ಬಂದು ಎರೆ ಕಚ್ಚುವುದರಿಂದ ಹಲವು ಸಲ ಹೀಗಾಗುತ್ತದೆ. ಇದರ ಬಾಯಿಯ ಪೊರೆ ಕಾಗದದಷ್ಟು ತೆಳುವಾಗಿದ್ದು, ಜಗ್ಗಿದರೆ ಗಾಳ ಹರಿದುಕೊಂಡು ಬರುತ್ತದೆಂಬುದು ಗೊತ್ತಿದ್ದರಿಂದ, ಕೈ ನಡುಗುತ್ತಿದ್ದರೂ ದಾರವನ್ನು ಸಡಿಲಿಸದೆ ಬಿಗಿಯದೆ ನಿಧಾನವಾಗಿ ಸುತ್ತಿ, ಕೈಬಲೆಯಿಂದ ಎತ್ತಿಕೊಂಡೆ. ಉದ್ದ 18 ಇಂಚು. ನನ್ನ ಸ್ಪ್ರಿಂಗ್ ತಕ್ಕಡಿಯ ಮುಳ್ಳು 4 ಪೌಂಡ್ 5 ಔನ್ಸ್ ತೋರಿಸಿತು.

ಆಗ ಟೆನೆಸ್ಸಿಯಲ್ಲಿ ಕಪ್ಪು ಕ್ರಾಪಿಯ ದಾಖಲೆ 1985ರಲ್ಲಿ ಹಿಡಿದ 4 ಪೌಂಡ್ 4 ಔನ್ಸಿನದು. ಅದು ನನಗೆ ತಿಳಿದಿರಲಿಲ್ಲ. ಮೀನನ್ನು ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕಿ ಮಧ್ಯಾಹ್ನದವರೆಗೂ ಗಾಳ ಹಾಕುತ್ತಲೇ ಕುಳಿತೆ. ಸಂಜೆ ಯಾರೋ ಹೇಳಿದ ಮೇಲೆ, ದಾಖಲೆಗೆ ಪ್ರಮಾಣೀಕೃತ ತಕ್ಕಡಿಯ ತೂಕವೇ ಬೇಕೆಂದು ತಿಳಿದು ಕಿರಾಣಿ ಅಂಗಡಿಯೊಂದಕ್ಕೆ ಓಡಿದೆ. ಅಲ್ಲಿ ಬಂದದ್ದು 4 ಪೌಂಡ್ 1 ಔನ್ಸ್, ಎಂದರೆ ಸುಮಾರು 1.84 ಕಿಲೊ. ಹಿಡಿದ ಮೀನು ಹೊತ್ತು ಕಳೆದಂತೆ ತೇವ ಕಳೆದುಕೊಂಡು ಹಗುರಾಗುವುದು ನಿಜ, ಮೊಟ್ಟೆಯೂ ಒಂದಿಷ್ಟು ಸುರಿದಿತ್ತು. ಆದರೂ ನಾಲ್ಕು ಔನ್ಸ್ ಅಷ್ಟರಿಂದಲೇ ಹೋಯಿತೆಂದು ವಾದಿಸಲು ನನಗೆ ಮನಸ್ಸಿಲ್ಲ. ತಪ್ಪು ಬಹುಪಾಲು ನನ್ನ ಅಗ್ಗದ ತಕ್ಕಡಿಯದೇ. ಆ ರಾತ್ರಿ ಅದನ್ನು ರವೆಯಲ್ಲಿ ಹೊರಳಿಸಿ ಹುರಿದೆವು.

ಮೂರು ಔನ್ಸಿನ ಈ ಹೊಟ್ಟೆಯುರಿ ಎರಡು ವರ್ಷ ಮಾತ್ರ ಉಳಿಯಿತು. 2018ರ ಮೇ 15ರಂದು ಇದೇ ರಾಜ್ಯದ ಲೌಡನ್ ಕೌಂಟಿಯ ಹೊಂಡವೊಂದರಲ್ಲಿ ಲಯನಲ್ ಫರ್ಗ್ಯೂಸನ್ ಎಂಬವರು 5 ಪೌಂಡ್ 7 ಔನ್ಸ್ ಮೀರಿದ ಕಪ್ಪು ಕ್ರಾಪಿಯನ್ನು ಹಿಡಿದರು. ಅದು ವಿಶ್ವದಾಖಲೆಯೇ ಆಯಿತು. ಆ ಮೀನು ಮಿಶ್ರತಳಿಯಲ್ಲವೆಂದು ಖಚಿತಪಡಿಸಿಕೊಳ್ಳಲು ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿದ್ದರು. ನಿಮ್ಮ ಕೈಗೆ ಅಂಥದು ಸಿಕ್ಕರೆ ಮೊದಲು ಬೆನ್ನಿನ ಈಜುರೆಕ್ಕೆಯ ಮುಳ್ಳುಗಳನ್ನು ಎಣಿಸಿ: ಏಳೆಂಟಿದ್ದರೆ ಕಪ್ಪು ಕ್ರಾಪಿ, ಐದಾರಿದ್ದರೆ ಬಿಳಿಯದು, ಎರಡಕ್ಕೂ ದಾಖಲೆ ಬೇರೆ ಬೇರೆ. ಬಳಿಕ ಗಾಳದ ಕೋಲನ್ನು ಅಲ್ಲೇ ಬಿಟ್ಟು, ಸಾಕ್ಷಿಗೆ ಒಬ್ಬರನ್ನು ಕರೆದುಕೊಂಡು ನೇರವಾಗಿ ಪ್ರಮಾಣೀಕೃತ ತಕ್ಕಡಿಯ ಬಳಿಗೆ ಹೋಗಿ.