ಅನುದಾನಿತ ಕಾಲೇಜಿಗೆ ಸರಕಾರದ ದುಡ್ಡು ಬರುವಾಗ ಫೀಸು, ದೇಣಿಗೆ ಎಲ್ಲ ಯಾಕೆ?

ಮಗಳನ್ನು ಉಡುಪಿಯ ಅನುದಾನಿತ ಕಾಲೇಜಿಗೆ ಬಿ.ಸಿ.ಎ. ಸೇರಿಸಿದ್ದೀರಿ. ಪಕ್ಕದ ಮನೆಯ ಹುಡುಗಿ ಅದೇ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ, ಅವಳ ಫೀಸು ತುಂಬಾ ಕಡಿಮೆ. ಸಾಲದ್ದಕ್ಕೆ ಕಟ್ಟಡಕ್ಕೆ ಅಂತ ದೇಣಿಗೆ ಬೇರೆ ಕೇಳುತ್ತಾರೆ. ಹಾಗಾದರೆ ಸರಕಾರ ಕೊಡುವ ಅನುದಾನ ಎಲ್ಲಿ ಹೋಯಿತು? ಇದು ನಿಮ್ಮ ಪ್ರಶ್ನೆ. ಇಂಥದ್ದೇ ಒಂದು ಕಾಲೇಜಿನ ಆಫೀಸಿನಲ್ಲಿ ಲೆಕ್ಕ ಬರೆದು ರಿಟೈರ್ ಆದವನು ನಾನು. ಗೊತ್ತಿದ್ದಷ್ಟು ಹೇಳುತ್ತೇನೆ.

ಅನುದಾನ ಅಂದರೆ ಮುಖ್ಯವಾಗಿ ಸಂಬಳ. ಸರಕಾರ ಮಂಜೂರು ಮಾಡಿದ ಹುದ್ದೆಗಳ ಸಂಬಳದ ಬಿಲ್ಲು ನಮ್ಮಿಂದ ಮಂಗಳೂರಿನ ಜೆ.ಡಿ. (ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ) ಆಫೀಸಿಗೆ ಹೋಗುತ್ತದೆ, ದುಡ್ಡು ಮೇಷ್ಟ್ರ ಖಾತೆಗೆ ಬೀಳುತ್ತದೆ. ಅದರಲ್ಲಿ ಕರೆಂಟ್ ಬಿಲ್ಲು ಕಟ್ಟುವ ಹಾಗಿಲ್ಲ. ಒಬ್ಬರು ರಿಟೈರ್ ಆದರೆ ಆ ಜಾಗ ತುಂಬಲು ಸರಕಾರದ ಒಪ್ಪಿಗೆ ಬೇಕು. ಅದು ಬರುವವರೆಗೆ ವರ್ಷಗಟ್ಟಲೆ ಕಾಯಬೇಕು. ಮಕ್ಕಳು ಕಾಯುತ್ತಾರಾ? ಹಾಗಾಗಿ ಆಡಳಿತ ಮಂಡಳಿ ತನ್ನ ಖರ್ಚಿನಲ್ಲಿ ಒಬ್ಬರನ್ನು ಇಟ್ಟುಕೊಳ್ಳುತ್ತದೆ. ಸ್ಟಾಫ್ ರೂಮಿನಲ್ಲಿ ಒಂದೇ ಮೇಜಿನ ಆಚೆ ಕೂತವರಿಗೆ ಸರಕಾರದ ಸಂಬಳ, ಈಚೆ ಕೂತವರಿಗೆ ಮ್ಯಾನೇಜ್‌ಮೆಂಟ್ ಸಂಬಳ. ಪಾಠ ಇಬ್ಬರದೂ ಒಂದೇ. ಬಟವಾಡೆ ದಿನ ಆ ಈಚೆಯವರ ಮುಖ ನೋಡಲು ನನಗೆ ಸಂಕೋಚ ಆಗುತ್ತಿತ್ತು.

ಬಿ.ಸಿ.ಎ.ಯಂಥ ಕೋರ್ಸುಗಳಿಗೆ ನಮ್ಮ ಕಡೆ ಹೆಚ್ಚಾಗಿ ಅನುದಾನವೇ ಇರುವುದಿಲ್ಲ. ಮೇಷ್ಟ್ರ ಸಂಬಳದಿಂದ ಲ್ಯಾಬಿನ ಕಂಪ್ಯೂಟರ್‌ವರೆಗೆ ಎಲ್ಲವೂ ಫೀಸಿನಿಂದಲೇ ಬರಬೇಕು. ನಿಜ ಹೇಳಬೇಕೆಂದರೆ, ನಿಮ್ಮ ಮಗಳ ಫೀಸಿನ ಒಂದು ಪಾಲು ಬಿ.ಎ. ಕ್ಲಾಸಿನ ಫ್ಯಾನನ್ನೂ ತಿರುಗಿಸುತ್ತಿರಬಹುದು.

ಇನ್ನು ಗ್ರಾಂಟು, ಅಂದರೆ ಸಂಬಳ ಬಿಟ್ಟು ಬೇರೆ ಕೆಲಸಕ್ಕೆ ಅಂತ ಬರುವ ದುಡ್ಡು. 1956ರ ಯು.ಜಿ.ಸಿ. (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 2(ಎಫ್), 12(ಬಿ) ಕಲಮುಗಳ ಅಡಿಯಲ್ಲಿ ಹೆಸರಿದ್ದ, ಅಂದರೆ ಆಯೋಗದ ಪಟ್ಟಿಗೆ ಸೇರಿದ್ದ ಕಾಲೇಜಿಗೆ ಹಿಂದೆ ಪಂಚವಾರ್ಷಿಕ ಯೋಜನೆಯ ಲೆಕ್ಕದಲ್ಲಿ ಪುಸ್ತಕಕ್ಕೆ, ಉಪಕರಣಕ್ಕೆ, ಹಾಸ್ಟೆಲ್ಲಿಗೆ ದುಡ್ಡು ಬರುತ್ತಿತ್ತು. 12ನೇ ಯೋಜನೆ 2017ಕ್ಕೆ ಮುಗಿಯಿತು, ಆ ನಲ್ಲಿಯೂ ಹೆಚ್ಚು ಕಡಿಮೆ ನಿಂತಿತು. 2013ರಲ್ಲಿ ರೂಸಾ ಅಂತ ಉನ್ನತ ಶಿಕ್ಷಣಕ್ಕೆ ದುಡ್ಡು ಕೊಡುವ ಕೇಂದ್ರದ ಯೋಜನೆ ಬಂತು. ಅದರಲ್ಲಿ ಕರ್ನಾಟಕಕ್ಕೆ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಈಗ ಅದರ ಹೆಸರು ಪಿ.ಎಂ. ಉಷಾ. ಇದರಲ್ಲಿ ಎಲ್ಲರಿಗೂ ಹಂಚುವುದಿಲ್ಲ, ಅರ್ಜಿ ಹಾಕಿ ಗೆಲ್ಲಬೇಕು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಗ್ರೇಡು ನೋಡುತ್ತಾರೆ.

ಗ್ರಾಂಟಿನ ದುಡ್ಡು ಎಂಥ ಹಠಮಾರಿ ಅಂತ ಒಂದು ಕಥೆ ಹೇಳುತ್ತೇನೆ. ಒಮ್ಮೆ ನಮಗೆ ಪುಸ್ತಕಕ್ಕೆ ಅಂತ ಗ್ರಾಂಟು ಬಂತು. ಪುಸ್ತಕ ತಂದೆವು, ಇಡಲು ಜಾಗ ಇಲ್ಲ. ಹಂಚಿನ ಮಾಡು, ಆಟಿ ತಿಂಗಳ ಮಳೆ, ನೆಲದಲ್ಲಿಟ್ಟ ಪುಸ್ತಕಕ್ಕೆ ಬೂಸ್ಟು ಹಿಡಿಯತೊಡಗಿತು. ಉಳಿದ ದುಡ್ಡಿನಲ್ಲಿ ಎರಡು ಕಬ್ಬಿಣದ ರ‍್ಯಾಕ್ ತಂದೆವು. ಆಡಿಟ್‌ಗೆ ಬಂದವರು ಅದನ್ನೇ ಹಿಡಿದರು: ಪುಸ್ತಕದ ಹಣದಲ್ಲಿ ರ‍್ಯಾಕ್ ಹೇಗೆ? ಹಣ ಹೇಳಿದ ಕೆಲಸಕ್ಕೇ ಖರ್ಚಾಯಿತು ಅನ್ನುವ ಬಳಕೆ ಪ್ರಮಾಣಪತ್ರ ಸರಿಯಾಗದೆ ಮುಂದಿನ ಕಂತು ನಿಂತೇ ಹೋಯಿತು. ಕೊನೆಗೆ ಮ್ಯಾನೇಜ್‌ಮೆಂಟ್ ಕೈಯಿಂದ ಆ ದುಡ್ಡು ತುಂಬಿದೆವು. ಬ್ಯಾಂಕಿನಲ್ಲಿದ್ದಾಗ ಬಂದ ಬಡ್ಡಿಯನ್ನೂ ವಾಪಸ್ ಕಳಿಸಿದ್ದು ನೆನಪಿದೆ. ತಪ್ಪು ನನ್ನದೇ, ಆದೇಶ ಪೂರ್ತಿ ಓದಬೇಕಿತ್ತು. ಆದರೂ ರ‍್ಯಾಕ್ ಇವತ್ತಿಗೂ ಗಟ್ಟಿಯಾಗಿದೆ.

ಹೀಗೆ ಯಾವ ತಲೆಬರಹಕ್ಕೂ ಸೇರದ ಖರ್ಚು ಬಹಳ. ಮಾಡಿನ ರಿಪೇರಿ, ಬಾವಿಯ ಪಂಪು, ವಾಚ್‌ಮನ್. ಇದಕ್ಕೇ ದೇಣಿಗೆ. ನಮ್ಮ ಹಳೆ ವಿದ್ಯಾರ್ಥಿಗಳು ಮುಂಬೈಯಲ್ಲಿ, ಗಲ್ಫ್‌ನಲ್ಲಿ ಇದ್ದಾರೆ, ಕೇಳಿದರೆ ಕೊಡುತ್ತಾರೆ. ಕಂಪನಿಗಳ ಸಿ.ಎಸ್.ಆರ್. (ಸಾಮಾಜಿಕ ಹೊಣೆಗಾರಿಕೆ) ಹಣವೂ ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಇಂಥ ಕೆಲಸಕ್ಕೆ ಕೊಡಬೇಕು. ಆದರೆ ಅವರಿಗೆ ಬೋರ್ಡ್ ಹಾಕುವಂಥ ಕಟ್ಟಡ ಇಷ್ಟ, ಪಂಪು ಅಲ್ಲ.

ಸರಕಾರಿ ಕಾಲೇಜಿನವರೂ ದಾನ ಬೇಡ ಅನ್ನುವುದಿಲ್ಲ. ಉಡುಪಿಯ ಅಜ್ಜರಕಾಡಿನ ಸರಕಾರಿ ಮಹಿಳಾ ಕಾಲೇಜಿನ ಹೆಸರಿನಲ್ಲೇ ದಾನಿ ಜಿ. ಶಂಕರ್ ಅವರ ಹೆಸರಿದೆ, ನೋಡಿರಬಹುದು.

ನೀವು ಮಾಡಬೇಕಾದದ್ದು ಇಷ್ಟೇ. ಫೀಸಿನ ರಶೀದಿಯಲ್ಲಿ ಯೂನಿವರ್ಸಿಟಿಗೆ ಎಷ್ಟು, ಕಾಲೇಜಿಗೆ ಎಷ್ಟು ಅಂತ ಬಿಡಿಸಿ ಕೇಳಿ. ದೇಣಿಗೆ ಕೊಟ್ಟರೆ ಅದಕ್ಕೆ ಬೇರೆಯೇ ರಶೀದಿ ತಗೊಳ್ಳಿ. ಎಸ್.ಎಸ್.ಪಿ. (ರಾಜ್ಯ ಸರಕಾರದ ವಿದ್ಯಾರ್ಥಿವೇತನ) ಪೋರ್ಟಲ್ಲಿನಲ್ಲಿ ಮಗಳಿಗೆ ಸ್ಕಾಲರ್‌ಶಿಪ್ ಸಿಗುತ್ತದಾ ಅಂತ ಇವತ್ತೇ ನೋಡಿ, ಕೊನೆ ದಿನದವರೆಗೆ ಕಾದರೆ ಸರ್ವರ್ ತೆರೆಯುವುದೇ ಇಲ್ಲ.